ಗಾಜಿನ ಪೆಟ್ಟಿಗೆಯಲ್ಲಿ ಕುಂಕುಮ

ನನ್ನ ಬಲಗೈ ಮೊಣಕೈವರೆಗೂ ಮರಗಪ್ಪೆಗಳ ಗಾಜಿನ ಪೆಟ್ಟಿಗೆಯೊಳಗಿತ್ತು.

ಕುತ್ತಿಗೆಯ ಮೇಲೆ ಮಚ್ಚು ಇತ್ತು!

"ಕೈ ತೆಗೀಲಾ ಈಚೆಗೆ," ಎಂದ ಉಗ್ರಪ್ಪ. ಷಡಕ್ಷರಪ್ಪನ ಡ್ರೈವರ್. ಕಾರಿಗೂ ಅವನೇ, ಹೊಡೆದಾಟಕ್ಕೂ ಅವನೇ.

"ತೆಗೆದ್ರೆ ಕಪ್ಪೆ ಹಾರ್ತವೆ ಕಣೋ."

"ನಿನ್ ತಲೆ ಹಾರ್ತದೆ!"

ಸೋಫಾದಲ್ಲಿ ಕೂತಿದ್ದ ಷಡಕ್ಷರಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. ಅರಸೀಕೆರೆಯ ಕೊಬ್ಬರಿ ಮಂಡಿ ಸಾಹುಕಾರ. ಅವಸರ ಎಂಬುದೇ ಇಲ್ಲ.

"ಕಲ್ಲು ಮುಟ್ಟಬ್ಯಾಡ ಅಂದಿದ್ದೆ ತಾನೆ, ಪುಟ್ಟರಾಜು?"

ಮುಟ್ಟಿಬಿಟ್ಟಿದ್ದೆ. ಅದೇ ಆದ ಎಡವಟ್ಟು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಕೇಳಿ.

ನಾನು ಮೊದಲು ಪೊಲೀಸ್ ಕಾನ್‌ಸ್ಟೇಬಲ್. ನಮ್ಮೂರು ಹಳೇಬೀಡಿನ ಹತ್ತಿರ. ಊರ ಕೆರೆ ಏರಿಯ ಮೇಲೆ ಒಂದು ಹಳೆಯ ಗುಡಿ. ಅದರೊಳಗೆ ಮೊಳದೆತ್ತರದ ಅಮ್ಮ, ಬಳಪದ ಕಲ್ಲಿನವಳು. ದೀಪ ಹಚ್ಚುತ್ತಿದ್ದವನು ನನ್ನಣ್ಣ ನಂಜಪ್ಪ. ಬೀಗದ ಕೈ ಅವನ ಉಡಿದಾರದಲ್ಲಿ. ತೊಂಬತ್ತೇಳರಲ್ಲಿ ಅಮ್ಮ ಕಳುವಾದಳು. ಬೀಗದ ಕೈ ಇದ್ದವನೇ ಕಳ್ಳ ಎಂದಿತು ಊರು. ನನ್ನ ಇಲಾಖೆಯವರೇ ಅವನನ್ನು ಹೊಡೆದರು. ಮೂರನೇ ದಿನ ಅಣ್ಣ ಬಾವಿಗೆ ಬಿದ್ದ.

ಹೆಣ ಹೊರಲು ನಾಲ್ಕನೇ ಹೆಗಲು ಸಿಗಲಿಲ್ಲ ಸ್ವಾಮಿ... ಅತ್ತಿಗೆ ಬಸಮ್ಮನೇ ಹೆಗಲು ಕೊಟ್ಟಳು.

ನಾನು ಕಾಕಿ ಬಿಚ್ಚಿಟ್ಟೆ. ಅರಸೀಕೆರೆಯಲ್ಲಿ ಮೀನಿನ ತೊಟ್ಟಿಯ ಅಂಗಡಿ ಹಾಕಿದೆ. ಆರು ವರ್ಷ ಗಾಜು ಕತ್ತರಿಸಿದೆ, ಅಂಟಿಸಿದೆ, ಅಮ್ಮನ ಸುಳಿವಿಗೆ ಕಾದೆ.

ಮೂರು ವಾರದ ಹಿಂದೆ ಷಡಕ್ಷರಪ್ಪ ಕರೆಸಿದ. ಬೆಂಗಳೂರಿನ ಸ್ನೇಹಿತರೊಬ್ಬರಿಗೆ ಉಡುಗೊರೆಯಂತೆ. ಗಾಜಿನ ಪೆಟ್ಟಿಗೆಯೊಳಗೆ ಕಾಡು ಬೇಕಂತೆ, ಕಾಡಿನೊಳಗೆ ಮರಗಪ್ಪೆ!

ಮನಸ್ಸಿಟ್ಟು ಕಟ್ಟಿದೆ. ತಳಕ್ಕೆ ಬೆಣಚುಕಲ್ಲು, ಮೇಲೆ ಇದ್ದಿಲು, ಅದರ ಮೇಲೆ ಸೊಳ್ಳೆಪರದೆಯ ಬಟ್ಟೆ. ನಂತರ ಮೂರು ನೀರಿನಲ್ಲಿ ತೊಳೆದ ತೆಂಗಿನ ನಾರಿನ ಪುಡಿ. ಬಾವಿಗೋಡೆಯ ಪಾಚಿ, ಜರೀಗಿಡ, ಮನಿಪ್ಲಾಂಟಿನ ಬಳ್ಳಿ. ಹತ್ತಿ ಕೂರಲು ಬಿದಿರ ಕಡ್ಡಿ. ಕೊನೆಗೆ ಏಳು ಕಪ್ಪೆ.

ಕಲ್ಲನ್ನು ಮಾತ್ರ ಅವನೇ ತಂದ. ಗೋಣಿಯಲ್ಲಿ ಸುತ್ತಿ ತಂದು, ನನ್ನನ್ನು ಹೊರಗೆ ಕಳಿಸಿ, ಹಿಂದಿನ ಗಾಜಿಗೆ ಆನಿಸಿಟ್ಟ. ಮೈತುಂಬ ಪಾಚಿ ಹೊದಿಸಿದ. ನನ್ನ ಮೇಲೆ ಅನುಮಾನವೇ ಇಲ್ಲ. ದೀಪ ಹಚ್ಚುವವನ ಹೆಸರೇ ತಿಳಿಯದವನಿಗೆ ಅವನ ತಮ್ಮ ಯಾರೆಂದು ಹೇಗೆ ಗೊತ್ತಾಗಬೇಕು?

ಇವತ್ತು ಬೆಳಿಗ್ಗೆ ಫೋನು. "ಕಪ್ಪೆ ಸಾಯ್ತಾ ಅವೆ ಕಣಯ್ಯ! ನಾಳೆ ಪೆಟ್ಟಿಗೆ ತಗಂಡೋಗಕ್ಕೆ ವ್ಯಾನ್ ಬತ್ತದೆ. ಬೇಗ ಬಾ!"

ಬಂದೆ. ನಾಲ್ಕು ಸತ್ತಿದ್ದವು. ತಳದಲ್ಲಿ ಬಸಿದ ನೀರು... ಕೆಂಪಗಿತ್ತು!

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಚರ್ಮದಿಂದ ಕುಡಿಯುತ್ತದೆ. ನೀರಿಗೆ ಬಿದ್ದದ್ದೆಲ್ಲ ಅದರ ಮೈಗೆ.

ಬೆರಳು ಅದ್ದಿ ಮೂಸಿದೆ. ಕುಂಕುಮ.

ಕಾಫಿ ತಂದ ಕಾಂತಮ್ಮನ ಕೈ ನೋಡಿದೆ. ಷಡಕ್ಷರಪ್ಪನ ಹೆಂಡತಿ. ಉಂಗುರದ ಬೆರಳ ತುದಿಯೂ ಕೆಂಪು.

"ಬರೀ ಕಲ್ಲಿಗೆ ಯಾಕವ್ವ ಕುಂಕುಮ?"

ಆಕೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಪೆಟ್ಟಿಗೆಯೊಳಗೆ ಕೈ ಇಳಿಸಿದೆ. ಪಾಚಿಯ ಹಿಂದೆ ಬೆರಳು ಹುಡುಕಿತು. ಮೂಗು... ಕೆನ್ನೆ... ಎಡಗಿವಿಯ ಓಲೆಯಲ್ಲಿ ಒಂದು ಚೂರು ಮುರಿದಿತ್ತು. ಚಿಕ್ಕಂದಿನಲ್ಲಿ ಅಣ್ಣನೂ ನಾನೂ ಎಣ್ಣೆ ಸವರಿ ತೊಳೆಯುತ್ತಿದ್ದ ಓಲೆ!

ಆಗಲೇ ಮಚ್ಚು ಬಂದದ್ದು.

"ಹೇಳಿ ಸಾಹುಕಾರ್ರೇ," ಎಂದೆ. "ಕಪ್ಪೆ ಪೆಟ್ಟಿಗೆಗೆ ಯಾವ ಚೆಕ್‌ಪೋಸ್ಟಿನವನೂ ಕೈ ಹಾಕಲ್ಲ, ಅಲ್ವಾ?"

"ಬುದ್ಧಿವಂತ," ಎಂದು ಷಡಕ್ಷರಪ್ಪ ಎಲೆ ಮಡಿಚಿ ಬಾಯಿಗಿಟ್ಟ. "ಉಗ್ರ, ಹಿತ್ತಲಿಗೆ ಕರ್ಕಂಡೋಗು."

ಪೆಟ್ಟಿಗೆ ಇಟ್ಟಿದ್ದ ಮೇಜಿನ ಕಾಲಿಗೆ ಒದ್ದೆ!

ಗಾಜು ಸಿಡಿಯಿತು. ನನ್ನ ಕೈ ಸೀಳಿತು. ನಾರು, ಇದ್ದಿಲು, ಪಾಚಿ ನೆಲದ ತುಂಬ. ಉಳಿದ ಮೂರು ಕಪ್ಪೆಗಳು ಕಿಟಕಿಗೆ ಹಾರಿದವು. ಕಲ್ಲು ಉರುಳಿ ಅಂಗಾತ ಬಿತ್ತು.

ಅಮ್ಮ. ಹಣೆಯ ಮೇಲೆ ಇಂದಿನ ಹಸಿ ಕುಂಕುಮ.

ಉಗ್ರಪ್ಪ ಎತ್ತಿದ ಮಚ್ಚು ಎತ್ತಿದ ಹಾಗೇ ನಿಂತಿತು. ಅವನ ಚಪ್ಪಲಿಯ ತುದಿ ಆಕೆಯ ಹೆಗಲಿಗೆ ತಾಕಿತ್ತು. ಗಕ್ಕನೆ ಹಿಂದೆ ಸರಿದ. ಒಂದು ಚಪ್ಪಲಿ ಬಿಟ್ಟ... ಇನ್ನೊಂದನ್ನೂ ಬಿಟ್ಟ.

"ದ್ಯಾವ್ರು ಅಂತ ಹೇಳ್ನೇ ಇಲ್ವಲ್ಲ ಧಣಿ!"

"ನಾನ್ ಇವ್ರಿಗೆ ಹೇಳ್ದೆ ಕಣಪ್ಪ," ಕಾಂತಮ್ಮ ಬಾಗಿಲಲ್ಲಿ ಅಳುತ್ತಿದ್ದಳು. "ಕಪ್ಪೆ ಜತೆ ಕೂಡಾಕ್ಬ್ಯಾಡ್ರೀ ಅಂದೆ. ಕೇಳ್ನಿಲ್ಲ. ಹಣೆ ಬರಿದು ಬಿಡಕ್ಕೆ ನಂಗೆ ಮನ್ಸು ಬರ್ನಿಲ್ಲ."

ಷಡಕ್ಷರಪ್ಪ ಕಾರಿನ ಕೀ ಕಿತ್ತುಕೊಂಡು ಓಡಿದ!

ನನ್ನದು ಲೂನಾ. ಹಿಂದೆ ಬರಿಗಾಲಿನ ಉಗ್ರಪ್ಪ, ಕೈಯಲ್ಲಿ ಮಚ್ಚು. ನಡುಹಗಲು, ಪೇಟೆ ಬೀದಿ. ಜನ ದಾರಿ ಬಿಟ್ಟಷ್ಟು ಬೇಗ ಪೊಲೀಸ್ ಜೀಪಿಗೂ ಬಿಟ್ಟಿರಲಾರರು.

ಕಾರು ಕಣ್ಮರೆಯಾಯಿತು. ಆದರೆ ಅರಸೀಕೆರೆ ಜಂಕ್ಷನ್ ಸ್ವಾಮಿ! ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಗರ್ಭಿಣಿಯ ಹಾಗೆ ನಿಧಾನವಾಗಿ ಹೋಗುತ್ತಿತ್ತು. ಹಿಂದೆ ಲಾರಿ, ಪಕ್ಕದಲ್ಲಿ ಎತ್ತಿನಗಾಡಿ, ನಡುವೆ ಷಡಕ್ಷರಪ್ಪ.

ಉಗ್ರಪ್ಪ ಬಾಗಿಲು ತೆಗೆದ. ಮಚ್ಚು ಅದೇ. ಕುತ್ತಿಗೆ ಬೇರೆ.

"ಅಂಗೇ ಈ ಕಡೆ ಸರ್ಕಳಿ ಧಣಿ. ನಾನ್ ಓಡಿಸ್ತೀನಿ."

"ಸ್ಟೇಷನ್‌ಗೆ ಕರ್ಕಂಡೋಗ್ರಯ್ಯ," ಎಂದ ಷಡಕ್ಷರಪ್ಪ. ದನಿಯಲ್ಲಿ ಧೈರ್ಯವಿತ್ತು. ಅಲ್ಲಿ ಅವನಿಗೆ ಕುರ್ಚಿ ಹಾಕುತ್ತಾರೆ, ನನಗೆ ಗೊತ್ತು.

"ಆಮೇಲೆ," ಎಂದೆ.

ಮನೆಗೆ ಹಿಂದಿರುಗುವಷ್ಟರಲ್ಲಿ ಕಾಂತಮ್ಮ ಅಮ್ಮನನ್ನು ತೊಳೆದು ಹೊಸ ರವಿಕೆ ಕಣದಲ್ಲಿ ಸುತ್ತಿದ್ದಳು. ದಾರಿಯಲ್ಲಿ ಷಡಕ್ಷರಪ್ಪನಿಗೆ ಅಣ್ಣನ ಹೆಸರು ಹೇಳಿಕೊಟ್ಟೆ. ಜಾವಗಲ್ ದಾಟಿದೆವು. ನಮ್ಮೂರು ಮುಟ್ಟಿದಾಗ ಮೂರು ಗಂಟೆ. ಊರ ಬಾಗಿಲಲ್ಲೇ ಇಳಿಸಿ, ಅಮ್ಮನನ್ನು ಷಡಕ್ಷರಪ್ಪನ ಹೆಗಲಿಗೆ ಹೊರಿಸಿದೆ. ಮೊದಲ ಬಾಗಿಲು ಅತ್ತಿಗೆಯದು.

ಬಸಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. ಅಮ್ಮನನ್ನು ನೋಡಿದಳು. ಅವನನ್ನು ನೋಡಿದಳು. ಅಳಲಿಲ್ಲ.

"ಹೇಳು," ಎಂದೆ ನಾನು.

"ನಾನು... ನಾನು ಕದ್ದೆ. ನಂಜಪ್ಪ ಅಲ್ಲ."

ಪಿಸುಮಾತು. ಬೀದಿಯಲ್ಲಿ ಜನ ಸೇರುತ್ತಿದ್ದರು. ಬಸಮ್ಮ ಅವರನ್ನೆಲ್ಲ ಒಂದು ಸಲ ನಿಧಾನವಾಗಿ ನೋಡಿದಳು.

"ಜೋರಾಗೇಳಪ್ಪ," ಎಂದಳು. "ನಮ್ಮೂರೋರ್ಗೆ ಆರು ವರ್ಷದಿಂದ ಕಿವಿ ಕೇಳಕ್ಕಿಲ್ಲ."

ಮನೆ ಮನೆಗೂ ನಡೆಸಿದೆ. ಪ್ರತಿ ಬಾಗಿಲಲ್ಲೂ ಕೂಗಿಸಿದೆ. ಹದಿನೇಳನೇ ಮನೆಗೆ ಅವನ ದನಿ ಕಟ್ಟಿತು. ಮಂಡಿ ಊರಿದ. ಕೈಮುಗಿದ.

ನಾನು ಕಟುಕನಲ್ಲ ಸ್ವಾಮಿ. ಒಂದು ಚೊಂಬು ನೀರು ತರಿಸಿ ಕುಡಿಸಿದೆ.

ಇನ್ನೂ ಅರ್ಧ ಊರು ಬಾಕಿ ಇತ್ತಲ್ಲ!