ಎಡಕ್ಕೆ ತಿರುಗಿದ ಸೈಲೆನ್ಸರ್

"ಎಡಕ್ಕ ತೆಗೀಲೋ, ಬಲಕ್ಕ ತೆಗೀಲೋ? ಲಗೂನ ಹೇಳ್ರಿ!"

ಗಾಡಿಯ ಕೆಳಗಿನಿಂದ ಮೆಕ್ಯಾನಿಕ್ ವಿರೂಪಾಕ್ಷನ ದನಿ ಬಂತು. ಕಾಣುತ್ತಿದ್ದುದು ಅವನ ಎರಡು ಕಾಲು ಮಾತ್ರ.

ಯರಗಟ್ಟಿಯ ಗ್ಯಾರೇಜಿನಲ್ಲಿ ಲಗಮಪ್ಪನ ಪಿಕಪ್ ಗಾಡಿ ಜ್ಯಾಕ್ ಮೇಲೆ ನಿಂತಿತ್ತು. ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ತೂತು ಬಿದ್ದಿತ್ತು. ಹೇಗೂ ಹೊಸದು ಹಾಕಿಸಲೇಬೇಕು. ಹಾಕಿಸುವುದಾದರೆ ಸೈಡ್ ಸೈಲೆನ್ಸರನ್ನೇ ಹಾಕಿಸಪ್ಪಾ ಎಂದು ಮಗಳು ಗಂಗಾ ವಾರದಿಂದ ದುಂಬಾಲು ಬಿದ್ದಿದ್ದಳು. ಅದರಲ್ಲಿ ಹೊಗೆ ಗಾಡಿಯ ಹಿಂದಿನಿಂದ ಹೋಗುವುದಿಲ್ಲ. ಪೈಪು ಹಿಂದಿನ ಗಾಲಿಯ ಮುಂದೆಯೇ ಪಕ್ಕಕ್ಕೆ ಹೊರಬರುತ್ತದೆ.

ಗೆಳತಿ ಶೈಲಜಾಳ ಕಾಕಾನ ಗಾಡಿಗೆ ಅಂಥದ್ದು ಇತ್ತು. ಅದು ಬಂದರೆ ಐದನೇ ಕ್ಲಾಸಿನ ಕಿಟಕಿಗಳೆಲ್ಲ ನಡುಗುತ್ತಿದ್ದವು. ಲಗಮಪ್ಪನ ಗಾಡಿ ಬಂದರೆ ಗೇಟಿನಲ್ಲಿ ಮಲಗಿದ ನಾಯಿ ಕೂಡ ಕಿವಿ ಎತ್ತುತ್ತಿರಲಿಲ್ಲ. ಗಂಗಾಳಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನು ಬೇಕು?

"ಇದು ನಿನ್ನ ಕಾರಭಾರ. ನೀನ ಹೇಳ" ಎಂದು ಅಪ್ಪ ನಕ್ಕ.

ಗಂಗಾ ಕಣ್ಣು ಮುಚ್ಚಿ ಯೋಚಿಸಿದಳು. ಶಾಲೆಯ ಗೇಟು ಇರುವುದು ರಸ್ತೆಯ ಎಡಕ್ಕೆ. ಅವಳು ಗಾಡಿಯಿಂದ ಇಳಿಯುವುದೂ ಎಡಕ್ಕೆ. ಶೈಲಜಾ ನಿಂತಿರುವುದೂ ಅಲ್ಲಿಯೇ.

"ಎಡಕ್ಕ ಕಾಕಾ! ಸಪ್ಪಳಾ ಜೋರ ಬರಬೇಕ ಮತ್ತ!"

"ಜೋರ ಅಂದ್ರ? ಗಾಡಿ ಊರ ಅಗಸಿ ಬಾಗಲಿಗೆ ಬಂದ್ರ ನಿಮ್ಮ ಮನ್ಯಾಗಿನ ಭಾಂಡೆ ಕುಣೀಬೇಕು. ಅಷ್ಟಾದ್ರ ಸಾಕೋ?"

"ಸಾಕ್ರಿ!"

ವೆಲ್ಡಿಂಗಿನ ಕಿಡಿ ಹಾರಿತು. ಗಂಗಾ ಹಿಂದಕ್ಕೆ ತಿರುಗಿ ಕಣ್ಣು ಮುಚ್ಚಿಕೊಂಡಳು. ಕೆಲಸ ಮುಗಿದು ಅಪ್ಪ ಗಾಡಿ ಚಾಲೂ ಮಾಡಿದಾಗ 'ಡುಡುಡುಡು' ಎಂಬ ಸದ್ದು ಅವಳ ಎದೆಯೊಳಗೇ ಹೊಕ್ಕಂತಾಯಿತು. ಅವಳು ಕುಣಿದಾಡಿದಳು. ಹೊಗೆ ಎತ್ತ ಹೋಯಿತೆಂದು ಯಾರೂ ನೋಡಲಿಲ್ಲ. ಗ್ಯಾರೇಜಿನ ಮುಂದೆ ಬಯಲು, ಗಾಳಿ ಅದನ್ನು ಹೊತ್ತುಕೊಂಡು ಹೋಗಿತ್ತು.

ಗಂಗಾಳ ಮನೆ ಇರುವುದು ಕಟಕೋಳದ ಒಂದು ಇಕ್ಕಟ್ಟಾದ ಓಣಿಯಲ್ಲಿ. ಮನೆಯ ಮುಂದೆ ಕಲ್ಲಿನ ಕಟ್ಟೆ. ತೀರಿಹೋದ ಅಜ್ಜ ಅದನ್ನು ಎತ್ತಿನ ಚಕ್ಕಡಿಯ ಎತ್ತರಕ್ಕೆ ಸರಿಯಾಗಿ ಕಟ್ಟಿಸಿದ್ದ. ಚಕ್ಕಡಿ ಹೋಗಿ ಪಿಕಪ್ ಬಂದರೂ ಅಳತೆ ತಪ್ಪಲಿಲ್ಲ. ಅಪ್ಪ ಗಾಡಿಯನ್ನು ಕಟ್ಟೆಗೆ ತಾಗಿಸಿ ನಿಲ್ಲಿಸಿ, ಎಡಬದಿಯ ಹಲಗೆ ಇಳಿಸಿದರೆ ಸಾಕು, ಕಟ್ಟೆಯೂ ಗಾಡಿಯೂ ಒಂದೇ ನೆಲವಾಗುತ್ತಿದ್ದವು. ಗಂಗಾಳ ಆಯಿ, ಅಜ್ಜಿ ಶಟ್ಟೆವ್ವ, ಕುಳಿತಲ್ಲೇ ಪೇಟೆಗೆ ಹೋಗುವ ಮೆಂತೆಪಲ್ಯದ ಸೊಪ್ಪನ್ನು ಸೂಡುಸೂಡಾಗಿ ಕಟ್ಟಿ ಜಾರಿಸುವಳು. ಅವ್ವ ಅದನ್ನು ಗಾಡಿಯಲ್ಲಿ ಒಟ್ಟುವಳು. ಬಗ್ಗುವುದೂ ಇಲ್ಲ, ಎತ್ತುವುದೂ ಇಲ್ಲ.

ಆಯಿಯ ಕೈ ಸೂಡು ಕಟ್ಟಿದರೆ ಬಾಯಿ ಊರಿನ ಸುದ್ದಿ ಕಟ್ಟುತ್ತಿತ್ತು. ಊರಿಗೆ ಬಂದವರು ನೀರಿಗೆ ಬಾರದೆ ಇರುತ್ತಾರೆಯೇ ಎನ್ನುತ್ತಾರಲ್ಲ? ಈ ಓಣಿಯಲ್ಲಿ ನೀರಿಗೆ ಬಂದವರು ಶಟ್ಟೆವ್ವನನ್ನು ಮಾತಾಡಿಸದೆ ಹೋಗುವಂತಿರಲಿಲ್ಲ. ಯಾರ ಎಮ್ಮೆ ಈಯಿತು, ಯಾರ ಮನೆಗೆ ಬೀಗರು ಬಂದರು, ಎಲ್ಲ ಕಟ್ಟೆಯ ಮೇಲೆಯೇ ಗೊತ್ತಾಗಬೇಕು.

ರಾತ್ರಿ ಗಾಡಿ ಊರ ಮುಂದಿನ ಬಯಲಿನ ಇಳಿಜಾರಿನಲ್ಲಿ ಇರುತ್ತಿತ್ತು. ಮರುದಿನ ಬೆಳಿಗ್ಗೆ ಅದು ಓಣಿಗೆ ಬಂದಾಗ ಮನೆಯೊಳಗಿನ ಪಾತ್ರೆ ಭಾಂಡೆ ನಿಜವಾಗಿಯೂ ನಡುಗಿದವು. ಗಂಗಾ ಚಪ್ಪಾಳೆ ತಟ್ಟಿದಳು.

ಅಪ್ಪ ಎಂದಿನಂತೆ ಕಟ್ಟೆಗೆ ತಾಗಿಸಿ ನಿಲ್ಲಿಸಿದ. ಇಂಜಿನ್ ಬಂದ್ ಮಾಡುವಂತಿರಲಿಲ್ಲ. ಆ ಗಾಡಿಯ ಸ್ಟಾರ್ಟರ್ ಮಹಾ ಮೊಂಡು. ಬೆಳಗಿನ ಥಂಡಿಯಲ್ಲಿ ಒಮ್ಮೆ ನಿಂತರೆ ಓಣಿಯವರೆಲ್ಲ ಸೇರಿ ನೂಕಬೇಕು. ಪೈಪಿನ ಬಾಯಿಂದ ಬಂದ ಕರಿ ಹೊಗೆ ಕಟ್ಟೆಯ ಕಲ್ಲಿಗೆ ಬಡಿದು, ಸಂದಿಯಿಂದ ಸೀದಾ ಮೇಲಕ್ಕೆ ಎದ್ದಿತು. ಆಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮಿದಳು. ಆದರೂ ಒಂದು ಕೈಯಲ್ಲೇ ಸೂಡು ಜಾರಿಸಿದಳು.

"ಆಯೀ, ಸಪ್ಪಳಾ ಹೆಂಗೈತಿ?" ಎಂದು ಗಂಗಾ ಕೂಗಿ ಕೇಳಿದಳು.

"ಆಂ?"

"ಸಪ್ಪಳಾ! ಹೆಂಗೈತಿ?"

"ಭಾರಿ ಐತಿ ನಮ್ಮವ್ವಾ, ಭಾರಿ ಐತಿ" ಎಂದಳು ಆಯಿ. ಕಣ್ಣಲ್ಲಿ ನೀರು ಬಂದಿತ್ತು. ಗಂಗಾ ಅದನ್ನು ನೋಡಲಿಲ್ಲ. ಶಾಲೆಗೆ ಹೋಗುವ ಆತುರದಲ್ಲಿದ್ದಳು.

ಶಾಲೆಯ ಗೇಟಿನಲ್ಲಿ ನಾಯಿ ಎದ್ದು ಓಡಿಹೋಯಿತು. ಶೈಲಜಾ ಬಾಯಿ ತೆರೆದು ನಿಂತಳು. "ಲೇ ಗಂಗಾ, ನಿಮ್ಮ ಗಾಡಿ ಸೂಪರ್ ಆಗೇತಿ!" ಎಂದಳು. ಆ ಇಡೀ ದಿನ ಗಂಗಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ಕಟ್ಟೆಯ ಮೇಲೆ ಆಯಿ ಇರಲಿಲ್ಲ. ಒಳಗೆ, ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಮುಂದೆ ಪಲ್ಯದ ರಾಶಿ.

"ಯಾಕ ಆಯಿ, ಇಲ್ಲ್ಯಾಕ ಕುಂತಿ?"

"ಹೊರಗ ಥಂಡಿ ಐತಿ ತಂಗಿ. ಇಲ್ಲೇ ಬೆಚ್ಚಗ ಐತಿ."

ಆಯಿ ಚಳಿಗಾಲದಲ್ಲೂ ಕಟ್ಟೆ ಬಿಟ್ಟವಳಲ್ಲ. ಗಂಗಾಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಆದರೆ ಅವ್ವ ಕೂಗಿದಳು: "ಗಂಗಾ, ಆಯಿ ಬದ್ಲಿ ನೀ ಕಟ್ಟಿ ಮ್ಯಾಲ ಕುಂದರ ಬಾ. ಸೂಡು ಜಾರಸವ್ರು ಯಾರೂ ಇಲ್ಲ. ನಿನ್ನೆ ಪ್ಯಾಟ್ಯಾಗ ಪಲ್ಲೇಕ ಡೀಸೆಲ್ ವಾಸನಿ ಹೊಡಿತೈತಿ ಅಂದ್ರಂತ. ಲಗೂ ಲಗೂ ತುಂಬೂಣು!"

ಗಂಗಾ ಆಯಿಯ ಜಾಗದಲ್ಲಿ ಕುಳಿತಳು. ಗಾಡಿ ಬಂದು ನಿಂತಿತು.

ಮೊದಲು ಕಣ್ಣು ಉರಿಯಿತು. ಆಮೇಲೆ ಗಂಟಲು. ಕೈಯಲ್ಲಿನ ಮೆಂತೆಪಲ್ಯದ ವಾಸನೆಯೇ ಸಿಗಲಿಲ್ಲ. ಕಾಲಿಗೆ ಬಿಸಿ ಗಾಳಿ ಹೊಡೆಯಿತು. ಅವ್ವ ಎದುರಿಗೇ ಇದ್ದು ಏನೋ ಹೇಳಿದಳು, ಅದೂ ಕೇಳಿಸಲಿಲ್ಲ.

ಆಗ ಹಿಂದಿನ ಓಣಿಯ ಕೃಷ್ಣವ್ವ ಬಂದಳು. ತೀರ ಮೆತ್ತಗೆ ಮಾತಾಡುವ ಹೆಂಗಸು. ಕೈಯಲ್ಲಿ ಒಂದು ಸಣ್ಣ ಡಬ್ಬಿ ಇತ್ತು. ಕಟ್ಟೆಯ ಕಡೆ ನೋಡಿ, ಆಯಿ ಎಲ್ಲಿ ಎಂಬಂತೆ ಕೈ ಮಾಡಿದಳು. ಅವಳ ತುಟಿಗಳು ಅಲ್ಲಾಡಿದವು. ಮುಖದಲ್ಲಿ ನಗು ಇತ್ತು.

"ಏನ್ರೀ?" ಎಂದು ಗಂಗಾ ಕಿರುಚಿದಳು.

ಕೃಷ್ಣವ್ವ ಮತ್ತೊಮ್ಮೆ ಹೇಳಿದಳು. 'ಡುಡುಡುಡು' ಬಿಟ್ಟು ಬೇರೇನೂ ಕೇಳಲಿಲ್ಲ. ಅಷ್ಟರಲ್ಲಿ ಹೊಗೆ ಅವಳ ಮುಖಕ್ಕೂ ಬಂತು. ಅವಳು ಸೆರಗು ಮುಚ್ಚಿಕೊಂಡು, ಡಬ್ಬಿಯನ್ನು ಹಾಗೆಯೇ ಹಿಡಿದುಕೊಂಡು ಹೋಗಿಬಿಟ್ಟಳು.

ಶಾಲೆಯಲ್ಲಿ ಶೈಲಜಾ ಮತ್ತೆ ಗಾಡಿಯನ್ನು ಹೊಗಳಿದಳು. ಗಂಗಾ ಹೂಂ ಎಂದಳು ಅಷ್ಟೆ. ಯೂನಿಫಾರ್ಮಿನಿಂದ ಹೊಗೆಯ ವಾಸನೆ ಹೋಗಿರಲಿಲ್ಲ. 'ಆಯಿಗೆ ಥಂಡಿ ಆಗಿಲ್ಲ. ನಾನೇ ಆಯಿಯನ್ನು ಕಟ್ಟೆಯಿಂದ ಎಬ್ಬಿಸಿಬಿಟ್ಟೆ' ಎಂದುಕೊಂಡಳು.

ಸಂಜೆ ಅಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಗಂಗಾ ಪಕ್ಕದಲ್ಲಿ ಕುಳಿತಳು.

"ಅಪ್ಪಾ, ನಾಳೆ ಗಾಡಿ ಹೊಳ್ಳಿಸಿ ನಿಲ್ಲಸೂಣು? ರಿವರ್ಸ್ ಬಂದ್ರ ಪೈಪು ಆ ಕಡೆ ಆಗತೈತಿ. ಬಲಗಡಿ ಹಲಗಿ ಇಳಸಬಹುದು."

ಅಪ್ಪ ಎದುರು ಮನೆಯತ್ತ ಗದ್ದ ತಿರುಗಿಸಿದ. ಅದು ರಾಮವ್ವನ ಮನೆ. ಬಾಗಿಲು ಓಣಿಗೇ ತೆರೆದಿತ್ತು. ಪಡಸಾಲೆಯಲ್ಲಿ ತೊಟ್ಟಿಲು ಕಾಣುತ್ತಿತ್ತು.

"ಆವಾಗ ಹೊಗಿ ಎಲ್ಲಿ ಹೋಗತೈತಿ, ನೋಡ."

ಗಂಗಾ ತೊಟ್ಟಿಲನ್ನು ನೋಡಿದಳು.

"ಹಂಗಾರ ತೆಗಸಿಬಿಡಪ್ಪಾ" ಎಂದಳು ಕೊನೆಗೆ.

"ಏನ? ಸೈಲೆನ್ಸರ? ಅಷ್ಟ ಹಟಾ ಮಾಡಿ ಹಾಕಿಸಿದ್ದು! ನಿಮ್ಮ ಶೈಲಜಾ ಏನಂದಾಳು?"

"ಏನರೆ ಅನ್ಲಿ."

ಹೇಳುವಾಗ ಅವಳ ದನಿ ಸಣ್ಣಗಾಯಿತು. ಆಸೆ ಏನು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅಪ್ಪನಿಗೂ ಆ ಸದ್ದಿನ ಮೇಲೆ ಒಳಗೊಳಗೇ ಪ್ರೀತಿ ಹುಟ್ಟಿತ್ತು. ಅವನೂ ಚಹಾದ ಕಪ್ಪನ್ನು ಸುಮ್ಮನೆ ತಿರುಗಿಸುತ್ತ ಕುಳಿತ. ಒಳಗಿನಿಂದ ಆಯಿಯ ಕೆಮ್ಮು ಕೇಳಿಸಿತು.

"ರವಿವಾರ ಹೋಗೂಣು" ಎಂದ ಅಪ್ಪ. "ಅಲ್ಲೀತನಕಾ ಗಾಡಿ ಬಯಲಾಗ ಇರಲಿ. ಬುಟ್ಟಿ ಹೊತ್ತ ತುಂಬೂಣು."

ಶನಿವಾರದವರೆಗೆ ಅಪ್ಪ, ಅವ್ವ, ಗಂಗಾ ಮೂವರೂ ಬುಟ್ಟಿ ಹೊತ್ತರು. ಕೆಮ್ಮು ನಿಲ್ಲದ ಆಯಿ ಒಳಗೇ ಕುಳಿತು ಸೂಡು ಕಟ್ಟಿದಳು. ಗಂಗಾಳ ಕುತ್ತಿಗೆ ನೋಯಿತು. ಆದರೂ ಅವಳು ಬುಟ್ಟಿ ಬಿಡಲಿಲ್ಲ.

ರವಿವಾರ ವಿರೂಪಾಕ್ಷ ಸೊಂಟದ ಮೇಲೆ ಕೈ ಇಟ್ಟು ನಿಂತ.

"ಹಿಂದಕ್ಕ ಒಯ್ಯಬೇಕಾ? ಸಪ್ಪಳಾನೂ ಕಡಿಮಿ ಮಾಡ್ಬೇಕಾ? ಯಾಕವಾ, ಭಾಂಡೆ ಕುಣೀಲಿಲ್ಲೇನು?"

"ಕುಣದೂರಿ ಕಾಕಾ" ಎಂದಳು ಗಂಗಾ. "ನಮ್ಮ ಆಯಿ ಒಳಗ ಹೋಗಿ ಕುಂತ್ಲು."

ವಿರೂಪಾಕ್ಷ ಮತ್ತೆ ಚೇಷ್ಟೆ ಮಾಡಲಿಲ್ಲ. ಪೈಪು ಕೊಯ್ದು, ಹೊಸ ತುಂಡು ಜೋಡಿಸಿ, ಗಾಡಿಯ ಹಿಂದಿನ ತುದಿಯವರೆಗೆ ಒಯ್ದ. ನಡುವೆ ಸದ್ದು ನುಂಗುವ ದೊಡ್ಡ ಡಬ್ಬಿ ಕೂರಿಸಿದ.

ಸೋಮವಾರ ಬೆಳಿಗ್ಗೆ ಗಾಡಿ ಓಣಿಗೆ ಬಂದು ನಿಂತಿತು. ಹೊಗೆ ಹಿಂದೆ, ಓಣಿಯ ಬಾಯಿಯ ಕಡೆಗೆ ಹೋಯಿತು. ಗಂಗಾ ಒಳಗೆ ಹೋಗಿ ಆಯಿಯ ಕೈ ಹಿಡಿದು ಎಬ್ಬಿಸಿದಳು.

"ಬಾ ಆಯಿ. ಇವತ್ತ ಥಂಡಿ ಇಲ್ಲ."

ಆಯಿ ಅವಳ ಮುಖ ನೋಡಿ ನಕ್ಕಳು. ತನ್ನ ಜಾಗದಲ್ಲಿ ಕಾಲು ಚಾಚಿ ಕುಳಿತು ಸೂಡು ಕಟ್ಟತೊಡಗಿದಳು.

ಎರಡು ಸೂಡು ಕಟ್ಟುವಷ್ಟರಲ್ಲಿ ಕೃಷ್ಣವ್ವ ಬಂದಳು. ಅದೇ ಡಬ್ಬಿ ಕೈಯಲ್ಲಿತ್ತು.

"ಶಟ್ಟೆವ್ವಾರ, ನಮ್ಮ ಮಗಳು ಭಾಗೀರಥಿ ಹಡದಾಳ್ರಿ. ಹೆಣ್ಣ ಕೂಸು" ಎಂದಳು ಮೆತ್ತಗೆ. "ಮೊದಲ ನಿಮಗ ಹೇಳ್ಬೇಕಂತ ಅವತ್ತ ಸಕ್ಕರಿ ತಂದಿದ್ನಿ. ನಿಮ್ಮ ಗಾಡಿ ಸಪ್ಪಳದಾಗ ಮಾತ ಕೇಳಸ್ಲಿಲ್ಲ. ಹಂಗ ಬಸ್ ಹತ್ತಿ ಕೂಸಿನ ನೋಡಾಕ ರಾಮದುರ್ಗಕ್ಕ ಹೋದ್ನಿ. ನಿನ್ನೆ ಬಂದ್ನಿ ನೋಡ್ರಿ."

"ಹೌದೇನವಾ!" ಎಂದು ಆಯಿ ಎರಡೂ ಕೈ ಚಾಚಿದಳು. "ಕೂಸು ಯಾರಂಗ ಐತಿ? ತಲಿಗೂದಲ ಭಾಳ ಅದಾವೇನು?"

ಕೃಷ್ಣವ್ವ ಆಯಿಯ ಅಂಗೈಗೆ ಸಕ್ಕರೆ ಹಾಕಿದಳು. ಗಂಗಾಳ ಬಾಯಿಗೂ ಒಂದು ಚಿಟಿಕೆ ಹಾಕಿದಳು. ಆಮೇಲೆ ಕಟ್ಟೆಯ ಅಂಚಿಗೆ ಕುಳಿತು ಕೂಸಿನ ಕಣ್ಣು, ಮೂಗು, ಬೆರಳು ಎಲ್ಲವನ್ನೂ ಮೆತ್ತಗೆ ಹೇಳುತ್ತ ಹೋದಳು.

ಗಾಡಿ ಅಲ್ಲೇ ಗುರುಗುಡುತ್ತಿತ್ತು. ಆದರೂ ಕೃಷ್ಣವ್ವನ ಒಂದು ಮಾತೂ ತಪ್ಪದೆ ಕೇಳಿಸುತ್ತಿತ್ತು. ನಾಲಿಗೆಯ ಮೇಲೆ ಸಕ್ಕರೆ ಕರಗುತ್ತಿತ್ತು. ಗಂಗಾ ಕೈಯಲ್ಲಿದ್ದ ಸೂಡನ್ನು, ಎಲೆಯೂ ಸರಬರ ಅನ್ನದಂತೆ, ಗಾಡಿಯೊಳಗೆ ಇಟ್ಟಳು.