ಕಡವೆಯ ಸಮ್ಮತಿ

ಕಾಡಿನೊಳಗೆ ಇನ್ನೂ ನಲವತ್ತು ಹೆಜ್ಜೆ ಇಟ್ಟಿರಲಿಲ್ಲ, ಸುಗಂಧಾಬಾಯಿಯವರ ಮುಂಗೈಯ ಪಟ್ಟಿ ಹಸಿರಿನಿಂದ ಹಳದಿಗೆ ತಿರುಗಿತು. ಅವರು ಉಸಿರು ಬಿಗಿಹಿಡಿದು ನಿಂತರು. ಪಟ್ಟಿ ಕೆಂಪಾಗಿ ಸಣ್ಣಗೆ ನಡುಗಿತು. ಮರಕ್ಕೆ ಕಟ್ಟಿದ್ದ ಡಬ್ಬಿಯೊಂದು ಬಲು ಸಭ್ಯವಾದ ಹೆಣ್ಣುದನಿಯಲ್ಲಿ, "ಕಡವೆಗೆ ತಮ್ಮ ಭೇಟಿ ಸಮ್ಮತವಿಲ್ಲ. ದಯವಿಟ್ಟು ಹಿಂದಿರುಗಿ. ಇದು ತಮ್ಮ ಎರಡನೆಯ ನಿರಾಕರಣೆ" ಎಂದಿತು. ಪದಬಂಧದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಆಕಳಿಸುತ್ತ ಹಿಂದೆ ಬರುತ್ತಿದ್ದ ಅವರ ಯಜಮಾನರು ರಘೋತ್ತಮರಾಯರ ಪಟ್ಟಿ ಮಾತ್ರ ಎಳೆ ಬಾಳೆ ಎಲೆಯ ಹಾಗೆ ಹಸಿರಾಗಿಯೇ ಇತ್ತು.

ಮೂರನೆಯ ಸಲ ಪಟ್ಟಿ ಕೆಂಪಾದರೆ ಆ ವ್ಯಕ್ತಿಗೆ ಬದುಕಿರುವವರೆಗೆ ಕಾಡಿನ ಬಾಗಿಲು ಮುಚ್ಚಿದಂತೆ. ವನ್ಯಸಮ್ಮತಿ ಕಾಯ್ದೆಯಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆದಿದೆ.

ಹಿಂದಿನ ಕಾಲದಲ್ಲಿ ಕಾಡಿಗೆ ಹೋಗುವವರು ಕಚೇರಿಯಲ್ಲಿ ಕುಳಿತ ಮನುಷ್ಯರ ಅನುಮತಿ ಕೇಳುತ್ತಿದ್ದರು. ಸಮ್ಮತಿಮಾಪಕ ಬಂದ ಮೇಲೆ ಪ್ರಾಣಿಗಳನ್ನೇ ಕೇಳುವ ಏರ್ಪಾಡಾಯಿತು. ಮರಮರಕ್ಕೆ ಕಟ್ಟಿದ ಈ ಡಬ್ಬಿಗಳು ದೂರದಿಂದಲೇ ಪ್ರಾಣಿಯ ಎದೆಬಡಿತವನ್ನು ಎಣಿಸುತ್ತವೆ, ಉಸಿರಿನ ಓಟವನ್ನು ಅಳೆಯುತ್ತವೆ, ಕಿವಿ ಯಾರ ಕಡೆಗೆ ನಿಮಿರಿತು ಎಂದು ನೋಡುತ್ತವೆ. ಇದರಿಂದ ಸಿಗುವ ಭೀತಿಸೂಚಿ ಯಾರ ದೆಸೆಯಿಂದ ಏರಿತೋ ಅವರ ಪಟ್ಟಿ ಕೆಂಪಾಗುತ್ತದೆ. ಈ ಯಂತ್ರಕ್ಕೆ ಶಿಫಾರಸು ಪತ್ರ ಓದಲು ಬರುವುದಿಲ್ಲ. ಕಾಯ್ದೆಯನ್ನು ಉದ್ಘಾಟಿಸಲು ಬಂದ ಮಂತ್ರಿಯೊಬ್ಬರನ್ನು ಮಂಗಗಳ ಹಿಂಡೊಂದು ಒಮ್ಮತದಿಂದ ತಿರಸ್ಕರಿಸಿತ್ತು. ಮಂತ್ರಿಗಳು ಗೇಟಿನ ಹೊರಗೇ ರಿಬ್ಬನ್ ಕತ್ತರಿಸಿ ಹೋಗಿದ್ದರು.

ಆದರೆ ಸುಗಂಧಾಬಾಯಿಯವರು ಮಂತ್ರಿಗಳಲ್ಲ. ಧಾರವಾಡದಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದ ಸಾಧು ಹೆಂಗಸು. ನಾಲ್ಕು ವರ್ಷದ ಹಿಂದೆ, ಕಾಯ್ದೆ ಬರುವುದಕ್ಕೆ ಮೊದಲು, ಇದೇ ಕಾಡಿನ ಹಳ್ಳದ ದಂಡೆಯಲ್ಲಿ ಒಂದು ಹೆಣ್ಣು ಕಡವೆ ತಲೆ ಎತ್ತಿ ಇಡೀ ಒಂದು ನಿಮಿಷ ಅವರನ್ನು ನೋಡಿತ್ತು. ಆ ಒಂದು ನಿಮಿಷದಲ್ಲಿ ಅವರೊಳಗೆ ಏನೋ ಕರಗಿ ಹೋಗಿತ್ತು. ಇದು ಜನ್ಮಾಂತರದ ನಂಟು ಎಂದು ಅಂದೇ ಅವರಿಗೆ ಖಾತ್ರಿಯಾಯಿತು. ಕಡವೆಗೆ ಮೈತ್ರೇಯಿ ಎಂದು ಹೆಸರಿಟ್ಟರು. ಮತ್ತೊಮ್ಮೆ ಅದರೆದುರು ನಿಲ್ಲಬೇಕೆಂದು ಸಪ್ಪಳವಾಗದ ಚಪ್ಪಲಿ ಕೊಂಡರು. ಹತ್ತು ದಿನದ ಶಿಬಿರಕ್ಕೆ ಹೋಗಿ ಸದ್ದಿಲ್ಲದೆ ಉಸಿರಾಡುವುದನ್ನೂ, ಕಣ್ಣು ಮಿಟುಕಿಸದೆ ನೋಡುವುದನ್ನೂ ಕಲಿತು ಬಂದರು. ಇಷ್ಟೆಲ್ಲ ಮಾಡಿದ ಮೇಲೆ ಮೈತ್ರೇಯಿ ಎರಡೆರಡು ಸಲ ಬೇಡವೆಂದರೆ ಅಳು ಬಾರದೆ ಇರುತ್ತದೆಯೇ?

ಗೇಟಿನ ಕಚೇರಿಯಲ್ಲಿ ಸಮ್ಮತಿಮಾಪಕವನ್ನು ರೂಪಿಸಿದ ಡಾಕ್ಟರ್ ಜುಲಿಯಾನಾ ಸಿದ್ದಿ ಸುಗಂಧಾಬಾಯಿಯವರಿಗೆ ನೀರು ಕೊಟ್ಟು ಕೂರಿಸಿದರು. ಡಾಕ್ಟರು ಇದೇ ಕಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದವರು.

"ನಿಮ್ಮ ಯಂತ್ರ ಕೆಟ್ಟದ ಡಾಕ್ಟರೇ," ಎಂದರು ಸುಗಂಧಾಬಾಯಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಕಾಡು ಅಂದ್ರ ಸೊಳ್ಳಿ ಅನ್ನೋ ಇವರಿಗೆ ಹಸಿರು, ನಾಕು ವರ್ಷದಿಂದ ಜೀವಾ ತೇಯ್ದ ನನಗ ಕೆಂಪು!"

"ಯಂತ್ರ ಸರಿ ಅದ ಟೀಚರ್. ಸ್ವಲ್ಪ ಇಲ್ಲಿ ನೋಡ್ರಿ." ಡಾಕ್ಟರ್ ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ಎರಡೂ ಒಂದೇ ಅಚ್ಚಿನಿಂದ ತೆಗೆದಂತೆ ಇದ್ದವು. "ಇದು ನೀವು ಕಾಡಿನಾಗ ನಡೆದ ರೀತಿ. ಸಪ್ಪಳಿಲ್ಲದ ಹೆಜ್ಜೆ, ಬಿಗಿಹಿಡಿದ ಉಸಿರು, ಒಂದೇ ಕಡೆ ನೆಟ್ಟ ದೃಷ್ಟಿ."

"ಮತ್ತ ಇನ್ನೊಂದು?"

"ಅದು ಚಿರತಿ. ಬ್ಯಾಟಿಗೆ ಹೊಂಟಾಗ."

ರಘೋತ್ತಮರಾಯರು ಪದಬಂಧದಿಂದ ತಲೆ ಎತ್ತಿ, "ಮೂವತ್ತಾರು ವರ್ಷದ ಮ್ಯಾಲೆ ವಿಜ್ಞಾನ ನನ್ನ ಮಾತಿಗೆ ಸಾಕ್ಷಿ ಹೇಳ್ತು," ಎಂದರು. ಹೆಂಡತಿಯ ಕಣ್ಣು ನೋಡಿ ಮತ್ತೆ ತಲೆ ತಗ್ಗಿಸಿದರು.

"ಆದ್ರ ನಾ ಪ್ರೀತಿಯಿಂದ ನೋಡ್ತೀನಿ!"

"ಅದು ಕಡವಿಗೆ ಹೆಂಗ ತಿಳೀಬೇಕ್ರಿ? ಅಷ್ಟು ಆಸೆಯಿಂದ ಅದನ್ನ ನೋಡಾವರು ಅದರ ಲೋಕದಾಗ ಒಬ್ಬರs, ಅದನ್ನ ತಿನ್ನಾವರು. ನಮ್ಮ ಅವ್ವ, ಕಾಕಿ ಎಲ್ಲಾ ಕಟಿಗಿ ಆರಿಸಲಿಕ್ಕೆ ಬರ್ತಿದ್ರು. ಬಾಯಿಗೆ ಬಿಡುವಿಲ್ಲದಂಗ ಮಾತು, ನಗೂದು, ಬಯ್ಯೂದು. ಕಡವಿ ಬಾಜೂಕ ಮೇಯ್ಕೋತ ಇರ್ತಿದ್ದವು. ಮುಂದಿನ ಸಲ ಏನರೆ ಕೆಲಸ ಹಿಡಕೊಂಡು ಬರ್ರಿ. ಹಳ್ಳಕ್ಕ ಬೆನ್ನು ಮಾಡಿ ಕೂಡ್ರಿ. ಅದನ್ನ ನೋಡಬೇಕು ಅನ್ನೋದನ್ನ ಮರೀರಿ."

"ನೋಡಲಾರದ ಭೇಟಿ ಎಂಥಾ ಭೇಟಿ?" ಎಂದು ಸುಗಂಧಾಬಾಯಿ ಕೇಳಿದರು.

ಒಂದು ತಿಂಗಳ ಮೇಲೆ ದಂಪತಿಗಳು ಮತ್ತೆ ಬಂದರು. ಈ ಸಲ ಸುಗಂಧಾಬಾಯಿಯವರ ಕಾಲಲ್ಲಿ ಚಟಪಟ ಎನ್ನುವ ಹಳೆಯ ಚಪ್ಪಲಿ, ಕೈಯಲ್ಲಿ ಎರಡು ಸೂಡು ಮೆಂತೆಸೊಪ್ಪಿನ ಚೀಲ. ಹಳ್ಳಕ್ಕೆ ಬೆನ್ನು ಮಾಡಿ ಬಂಡೆಯ ಮೇಲೆ ಕುಳಿತು, ಎಲೆ ಬಿಡಿಸಿ ಚೀಲಕ್ಕೆ ಹಾಕತೊಡಗಿದರು. ಎದುರಿಗೆ ರಾಯರು ಪದಬಂಧ ಬಿಚ್ಚಿಕೊಂಡರು. ಕಡವೆಯನ್ನು ನೆನೆಯಬಾರದು ಎಂದು ಸುಗಂಧಾಬಾಯಿ ನಿರ್ಧರಿಸಿದ್ದರು. ಹಾಗೆ ನಿರ್ಧರಿಸಿದ್ದರಿಂದ ಬೇರೇನೂ ನೆನಪಾಗಲೊಲ್ಲದು. ಪಟ್ಟಿ ಹಸಿರು ಬಿಡಲಿಲ್ಲ, ಅಷ್ಟೇ ಸಮಾಧಾನ.

ಅರ್ಧ ತಾಸಿನ ಮೇಲೆ ಬೆನ್ನ ಹಿಂದೆ ಒಣಎಲೆ ಸಣ್ಣಗೆ ಮುರಿದ ಸದ್ದಾಯಿತು. ಅವರ ಕೈ ನಿಂತಿತು. ಪಟ್ಟಿ ಹಳದಿಯಾಯಿತು. ತಿರುಗಿ ನೋಡಿದರೆ ಎಲ್ಲ ಮುಗಿಯಿತು ಎಂದು ಗೊತ್ತಿದ್ದರೂ ಕತ್ತು ತಾನಾಗಿಯೇ ಹೊರಳತೊಡಗಿತು.

"ಸುಗಂಧಾ," ಎಂದರು ರಾಯರು, "ನಿಮ್ಮವ್ವ ಮಾಡ್ತಿದ್ದ ಮೆಂತೆಪಲ್ಯ ಭಾಳ ಕಹಿ ಇರ್ತಿತ್ತು."

ಹೊರಳುತ್ತಿದ್ದ ಕತ್ತು ಗಕ್ಕನೆ ಮುಂದಕ್ಕೆ ಬಂತು. "ಏನಂದ್ರಿ?"

"ಕಹಿ ಅಂದೆ. ಮೂವತ್ತಾರು ವರ್ಷ ತಡಕೊಂಡೆ."

ಸುಗಂಧಾಬಾಯಿ ತಮ್ಮ ಕಿವಿಯನ್ನೇ ನಂಬಲಿಲ್ಲ. ಜಗಳಕ್ಕೆ ಕರೆದರೂ ಬಾರದ ಮನುಷ್ಯ ಇವರು. ಏನಂದರೂ "ಹೂಂ" ಎಂದು ಪುಟ ತಿರುವುವವರು. ಇಂದು ಒಂದಕ್ಕೆ ಒಂದು ಜೋಡಿಸಿ ಆಡುತ್ತಿದ್ದರು. ರೈಲಿನಲ್ಲಿ ಕಿಟಕಿ ಬದಿಗೆ ಕೂತು ಮಣ್ಣಿನ ವಿಧಗಳ ಬಗ್ಗೆ ಪಾಠ ಮಾಡುವ ಹೆಂಡತಿ ಯಾರಿಗೂ ಬೇಡವಂತೆ. ಹೆಂಡತಿಯ ತಮ್ಮನ ಮದುವೆಯಲ್ಲಿ ರಾಯರಿಗೆ ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕಿದ್ದರಂತೆ. ಸುಗಂಧಾಬಾಯಿಯವರಿಗೂ ನಾಲಿಗೆ ಇತ್ತು. ತೀರಿಹೋದ ಅತ್ತೆಯಿಂದ ಹಿಡಿದು ಸ್ನಾನದಮನೆಯಲ್ಲಿ ಬಿಟ್ಟು ಬರುವ ಒದ್ದೆ ಟವೆಲಿನವರೆಗೆ ಒಂದನ್ನೂ ಬಿಡಲಿಲ್ಲ. ಕಾಡು ಮೊಳಗುವಂತೆ ಬೈದರು. ಮರದ ಡಬ್ಬಿ ಏನೋ ಹೇಳಿದ್ದೂ ಆ ಅಬ್ಬರದಲ್ಲಿ ಕೇಳಿಸಲಿಲ್ಲ.

ಉಸಿರು ತೆಗೆದುಕೊಳ್ಳಲು ನಿಂತಾಗ ಅವರಿಗೆ ಕಡವೆ ನೆನಪಾಯಿತು. ಗಡಬಡಿಸಿ ತಿರುಗಿದರು. ಹಳ್ಳದಲ್ಲಿ ನೀರು ಹರಿಯುತ್ತಿತ್ತು, ಅಷ್ಟೇ.

"ನಿಮ್ಮ ಸಲುವಾಗಿ ಹೋತು," ಎಂದರು. ಚೀಲ ಎತ್ತಿಕೊಂಡು ಗೇಟಿನ ಕಡೆ ಬಿರಬಿರನೆ ನಡೆದರು. ನಾಲ್ಕು ವರ್ಷದ ಆಸೆ ಮೆಂತೆಪಲ್ಯಕ್ಕೆ ಬಲಿಯಾಯಿತೆಂದು ಕಣ್ಣು ತುಂಬಿ ಬಂದಿತ್ತು.

ಗೇಟಿನಲ್ಲಿ ಡಾಕ್ಟರ್ ಓಡಿಬಂದು ಅವರ ಕೈ ಹಿಡಿದುಕೊಂಡರು. "ಟೀಚರ್, ಹನ್ನೊಂದು ನಿಮಿಷ! ಕಡವಿ ನಿಮ್ಮಿಂದ ಹನ್ನೆರಡು ಹೆಜ್ಜಿ ದೂರದಾಗ ಹನ್ನೊಂದು ನಿಮಿಷ ನಿಂತಿತ್ತು. ಮರಿ ಕರಕೊಂಡು! ಹಳದಿ ಆಗಿದ್ದ ನಿಮ್ಮ ಪಟ್ಟಿ ಮತ್ತ ಪೂರಾ ಹಸಿರಾತು. ಆದ್ರ ರಾಯರದ್ದು ಕಡೀಕೆ ಯಾಕೋ ಕೆಂಪಾಗೇದ. ಅವರಿಗೆ ಅಂಜಿಯೇ ಅದು ಓಡಿಹೋತು."

ಸುಗಂಧಾಬಾಯಿ ನಿಧಾನವಾಗಿ ಗಂಡನ ಕಡೆ ತಿರುಗಿದರು. ರಾಯರು ಕೆಂಪು ಪಟ್ಟಿಯ ಕೈಯನ್ನು ಜೇಬಿಗೆ ತುರುಕಲು ನೋಡುತ್ತಿದ್ದರು.

"ನೀವು ನೋಡಿದ್ರಿ."

"ನಿನ್ನ ಪಟ್ಟಿ ಹಳದಿ ಆತು. ನೀ ತಿರುಗಾಕಿದ್ದಿ. ಏನರೆ ಮಾಡಬೇಕಿತ್ತಲ್ಲ. ಆಮ್ಯಾಲೆ..." ರಾಯರು ತಪ್ಪು ಮಾಡಿದವರಂತೆ ಗಂಟಲು ಸರಿಮಾಡಿಕೊಂಡರು. "ಆಮ್ಯಾಲೆ ನನಗೂ ಕಣ್ಣು ಕೀಳಲಿಕ್ಕೆ ಆಗಲಿಲ್ಲ."

"ಅಂದ್ರ ಅಂದದ್ದೆಲ್ಲಾ ಸುಳ್ಳೇನ್ರಿ?"

"ಪಲ್ಯದ್ದು ಖರೇನ."

ಪ್ರಾಣಿಗಳ ಭಯವನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆಯುವ ಯಂತ್ರ ಮಾಡಿದ ಡಾಕ್ಟರು, ಇಂಥದ್ದು ತಮ್ಮ ಲೆಕ್ಕಕ್ಕೆ ಬಂದೇ ಇರಲಿಲ್ಲವೆಂದು ಗೊಣಗುತ್ತ ಒಳಗೆ ಹೋದರು. ಗಂಡಹೆಂಡತಿ ಗೇಟಿನ ಬದಿಯ ಬೆಂಚಿನ ಮೇಲೆ ಕುಳಿತರು.

"ಹೆಂಗಿತ್ರಿ?" ಎಂದು ಸುಗಂಧಾಬಾಯಿ ಕೇಳಿದರು.

"ದೊಡ್ಡದಿತ್ತು. ಕಂದು ಬಣ್ಣ."

"ಅಷ್ಟೇನs? ಹನ್ನೊಂದು ನಿಮಿಷ ನೋಡೀರಿ!"

ರಾಯರು ಯೋಚಿಸಿದರು. "ನಿನ್ನ ಬೆನ್ನ ಹಿಂದs ನಿಂತು ನೀರು ಕುಡೀತು. ನೀ ದನಿ ಏರಿಸಿದಾಗೊಮ್ಮೆ ಒಂದು ಕಿವಿ ನಿನ್ನ ಕಡೆ ತಿರುವತಿತ್ತು. 'ಆತು ಬಿಡವಾ' ಅಂದಂಗ ಮಾಡಿ ಮತ್ತ ನೀರಿಗೆ ಬಾಯಿ ಹಚ್ಚತಿತ್ತು. ಮನ್ಯಾಗ ನಾ ಚಹಾ ಕುಡೀತೀನಲ್ಲ, ಹಂಗ."

ಸುಗಂಧಾಬಾಯಿಯವರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಗಂಡನ ಕೆಂಪು ಪಟ್ಟಿಯ ಕೈಯನ್ನು ಜೇಬಿನಿಂದ ಎಳೆದು ತಮ್ಮ ಮಡಿಲಲ್ಲಿಟ್ಟುಕೊಂಡರು.

"ಮೊದಲಿಂದ ಹೇಳ್ರಿ," ಎಂದರು. "ಒಂದೂ ಬಿಡಬ್ಯಾಡ್ರಿ."