ಹತ್ತದ ಟಾರ್ಚ್

ಸಿಕ್ಕಿದ್ದು ಒಂದೇ ಚಪ್ಪಲಿ. ಗುಲಾಬಿ ಬಣ್ಣದ್ದು. ಏಳು ವರ್ಷದ ಮಗುವಿನ ಕಾಲಿನ ಅಳತೆಯದ್ದು.

ಅದನ್ನು ಎದೆಗೊತ್ತಿಕೊಂಡು ಮಾರಿಯಾ ಬೇಸ್‌ಮೆಂಟಿನಿಂದ ಕಿರುಚುತ್ತಾ ಮೇಲೆ ಓಡಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ಸಿ.ವಿ. ರಾಮನ್ ನಗರದ ಆ ಐದು ಮಹಡಿಯ ಅಪಾರ್ಟ್‌ಮೆಂಟಿನ ಜನವೆಲ್ಲ ಬಾಲ್ಕನಿಗೆ ಬಂದರು.

ಮಾರಿಯಾ ಮೂರನೇ ಮಹಡಿಯ ಮನೆಯೊಂದರಲ್ಲಿ ಅಡುಗೆ ಮಾಡುವವಳು. ಶಾಲೆಗೆ ರಜೆ. ಮಗಳು ಮೋನಿಷಾಳನ್ನೂ ಜೊತೆಗೆ ಕರೆತಂದಿದ್ದಳು. ಎರಡೂವರೆಗೆ ಕರೆಂಟ್ ಹೋಯಿತು. ಜನರೇಟರ್ ಕೆಟ್ಟು ಒಂದು ವಾರವಾಗಿತ್ತು. ಬೇಸ್‌ಮೆಂಟಿನಲ್ಲಿ ಬೆಕ್ಕು ಮರಿ ಹಾಕಿದೆ, ನೋಡಿ ಬರ್ತೀನಿ ಎಂದು ಹುಡುಗಿ ಹಟ ಹಿಡಿದಳು. ಹಗಲಿನಲ್ಲೂ ಕರೆಂಟ್ ಇಲ್ಲದಿದ್ದರೆ ಅಲ್ಲಿ ಕಗ್ಗತ್ತಲೆ. ಮಾರಿಯಾ ತನ್ನ ಮೊಬೈಲಿನ ಟಾರ್ಚ್ ಹಾಕಿ ಅವಳ ಕೈಗೆ ಕೊಟ್ಟಳು.

ಹುಡುಗಿ ಹಿಂತಿರುಗಲಿಲ್ಲ. ಮೊಬೈಲ್ ಸ್ವಿಚ್ ಆಫ್ ಆಗಿತ್ತು. ಮನೆಯವರ ಟಾರ್ಚ್ ಇಸಿದುಕೊಂಡು ಮಾರಿಯಾ ಕೆಳಗಿಳಿದಳು.

* * *

ಸಬ್ ಇನ್ಸ್‌ಪೆಕ್ಟರ್ ಆದಿಲಕ್ಷ್ಮಿ ಬರುವಷ್ಟರಲ್ಲಿ ಕರೆಂಟ್ ಬಂದಿತ್ತು. ಜನ ಒಬ್ಬನನ್ನು ಗೇಟಿನ ಬಳಿ ಹಿಡಿದು ನಿಲ್ಲಿಸಿದ್ದರು. ಐವತ್ತು ದಾಟಿದ ಮನುಷ್ಯ. ಅಂಗಿಯ ತೋಳು ಹರಿದಿತ್ತು, ತುಟಿಯಲ್ಲಿ ರಕ್ತ.

ಅವನ ಹೆಸರು ಲತೀಫ್. ಶಿವಾಜಿನಗರದ ಎಲೆಕ್ಟ್ರಿಷಿಯನ್. ಬೇಸ್‌ಮೆಂಟಿನಲ್ಲಿದ್ದ ಜನರೇಟರ್ ನೋಡಲು ಅವನನ್ನು ಕರೆಸಿದ್ದರು. ಫ್ಯೂಸ್ ತರಲು ಹೊರಗೆ ಹೋಗಿ, ಮೂರೂಕಾಲಿಗೆ ಮರಳಿ ಬಂದವನನ್ನು ಜನ ಮುತ್ತಿದ್ದರು. ಅವನ ಸಾಮಾನಿನ ಚೀಲದಲ್ಲಿ ಮೋನಿಷಾಳ ಹೇರ್ ಕ್ಲಿಪ್ ಸಿಕ್ಕಿತ್ತು.

"ನಾನು ನೋಡಿದ್ದೀನಿ ಮೇಡಂ," ಎಂದು ಒಬ್ಬ ಮುಂದೆ ಬಂದ. ನಾಲ್ಕನೇ ಮಹಡಿಯ ಮಧುಕರ್. ಟೆಕ್ ಪಾರ್ಕಿನಲ್ಲಿ ಕೆಲಸ, ಆ ದಿನ ಮನೆಯಿಂದಲೇ ಮಾಡುತ್ತಿದ್ದ. "ಲ್ಯಾಪ್‌ಟಾಪ್ ಚಾರ್ಜರ್ ಕಾರಲ್ಲೇ ಮರೆತಿದ್ದೆ. ತಗೊಳೋಕೆ ಇಳಿದೆ. ಆಫೀಸಿನವರ ಜೊತೆ ವಿಡಿಯೊ ಕಾಲ್ ನಡೀತಾನೇ ಇತ್ತು. ಬೇಕಾದ್ರೆ ಪೂಜಿತಾ ಅಂತ ಇದ್ದಾರೆ, ಕೇಳಿ."

"ಎಷ್ಟು ಹೊತ್ತಿಗೆ?"

"ಎರಡೂ ಮುಕ್ಕಾಲು."

"ಕತ್ತಲೇಲಿ ಹೇಗೆ ಕಾಣಿಸ್ತು?"

"ಕಾಲ್‌ನಲ್ಲಿ ಇದ್ಕೊಂಡೇ ಮೊಬೈಲ್ ಟಾರ್ಚ್ ಹಾಕ್ದೆ. ಈ ಮನುಷ್ಯ ಮಗುನ ಹೆಗಲ ಮೇಲೆ ಹಾಕ್ಕೊಂಡು ರ‍್ಯಾಂಪ್ ಹತ್ತಿ ಹೊರಗೆ ಹೋದ. ಇವನ ಮಗಳೇ ಇರ್ಬೇಕು, ನಿದ್ದೆ ಬಂದಿದೆ ಅಂದ್ಕೊಂಡೆ."

"ವಾಚ್‌ಮನ್?"

ಲಿಫ್ಟಿನಲ್ಲಿ ಸಿಕ್ಕಿಕೊಂಡ ಅಜ್ಜಿಯೊಬ್ಬರನ್ನು ಬಿಡಿಸಲು ಅವನು ಎರಡನೇ ಮಹಡಿಗೆ ಹೋಗಿದ್ದ. ಆ ಹೊತ್ತಿನಲ್ಲಿ ಗೇಟಿನಲ್ಲಿ ಯಾರೂ ಇರಲಿಲ್ಲ. ಕರೆಂಟ್ ಇಲ್ಲದ್ದರಿಂದ ಕ್ಯಾಮೆರಾಗಳೂ ಕುರುಡಾಗಿದ್ದವು.

ಮಾರಿಯಾ ಜನರನ್ನು ಸೀಳಿಕೊಂಡು ಬಂದು ಲತೀಫನ ಕೆನ್ನೆಗೆ ಹೊಡೆದಳು. ಮತ್ತೊಮ್ಮೆ ಹೊಡೆದಳು. ಆಮೇಲೆ ಕುಸಿದು ಅವನ ಎರಡೂ ಕಾಲು ಹಿಡಿದುಕೊಂಡಳು.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ಎಲ್ಲಿಟ್ಟಿದ್ದೀಯ ಹೇಳು. ಯಾರಿಗೂ ಏನೂ ಹೇಳಲ್ಲ. ಮಗು ಒಂದು ಕೊಟ್ಬಿಡು."

"ನಾನು ನಿನ್ನ ಮಗು ನೋಡೇ ಇಲ್ಲ ತಾಯಿ," ಎಂದು ಲತೀಫ್ ಅತ್ತುಬಿಟ್ಟ. "ಅಲ್ಲಾ ಆಣೆ, ನೋಡಿಲ್ಲ."

* * *

ಮಗು ಹೊರಗೆ ಹೋಗಿದೆ ಎಂದರೆ ಹುಡುಕುವುದೂ ಹೊರಗೇ. ಕಾನ್‌ಸ್ಟೇಬಲ್ ಸುಗತ ಎಂಟು ಜನರನ್ನು ಕರೆದುಕೊಂಡು ಬೈಯಪ್ಪನಹಳ್ಳಿಯ ರೈಲು ಹಳಿಯ ಪಕ್ಕದ ಪೊದೆಗಳನ್ನೆಲ್ಲ ಜಾಲಾಡಿದ. ಕಟ್ಟುತ್ತಿರುವ ಮನೆಗಳು, ಖಾಲಿ ಸೈಟುಗಳು, ಮೋರಿಗಳು. ಅಪಾರ್ಟ್‌ಮೆಂಟಿನ ಹುಡುಗರೂ ಜೊತೆಗಿದ್ದರು. ನಾಲ್ಕು ಗಂಟೆಯಾಯಿತು. ನಾಲ್ಕೂವರೆಗೆ ಬರಿಗೈಯಲ್ಲಿ ಗೇಟಿಗೆ ಮರಳಿದರು.

ಪ್ರತಿ ಸಲ ಆದಿಲಕ್ಷ್ಮಿಯ ಫೋನ್ ಬಡಿದುಕೊಂಡಾಗಲೂ ಮಾರಿಯಾ ಎದ್ದು ನಿಲ್ಲುತ್ತಿದ್ದಳು. ಆದಿಲಕ್ಷ್ಮಿ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಮಾರಿಯಾ ಕೂರುತ್ತಿದ್ದಳು. ಅವಳು ಈಗ ಅಳುತ್ತಿರಲಿಲ್ಲ. ಚಪ್ಪಲಿಯ ಪಟ್ಟಿಯನ್ನು ಹಾಕುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಹಾಕುತ್ತಿದ್ದಳು.

ಮೊಬೈಲ್ ಕಂಪನಿಯಿಂದ ಸುದ್ದಿ ಬಂತು. ಮಾರಿಯಾಳ ಫೋನ್ ಕೊನೆಯ ಬಾರಿ ಸಿಗ್ನಲ್ ಹಿಡಿದದ್ದು ಇದೇ ಬೀದಿಯಲ್ಲಿ. ಅದರಿಂದ ಏನೂ ಗೊತ್ತಾಗುವಂತಿರಲಿಲ್ಲ.

ಆದಿಲಕ್ಷ್ಮಿ ಜೀಪಿನಲ್ಲಿ ಕೂರಿಸಿದ್ದ ಲತೀಫನ ಬಳಿಗೆ ಹೋದಳು. ಸಿಕ್ಕಿಬಿದ್ದಾಗಿನಿಂದ ಎಲ್ಲರೂ ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ: ಮಗು ಎಲ್ಲಿ? ಅವಳು ಬೇರೆ ಕೇಳಿದಳು.

"ಕ್ಲಿಪ್ ಎಲ್ಲಿ ಸಿಕ್ತು?"

ಲತೀಫ್ ತಲೆ ಎತ್ತಿದ. "ಹದಿನಾಲ್ಕನೇ ನಂಬರ್ ಪಾರ್ಕಿಂಗ್ ಮುಂದೆ ಮೇಡಂ. ಫೋನ್ ಟಾರ್ಚಲ್ಲಿ ದಾರಿ ನೋಡ್ಕೊಂಡು ಬರ‍್ತಿದ್ದೆ. ನೆಲದಲ್ಲಿ ಮಿಂಚಿತು. ವಾಚ್‌ಮನ್‌ಗೆ ಕೊಡೋಣ ಅಂತ ಚೀಲಕ್ಕೆ ಹಾಕ್ದೆ. ಗೇಟಲ್ಲಿ ಅವನು ಇರ‍್ಲಿಲ್ಲ."

"ಅಲ್ಲಿ ಯಾರಾದ್ರೂ ಇದ್ರಾ?"

"ಯಾರೂ ಕಾಣಿಸ್ಲಿಲ್ಲ. ಟಾರ್ಚ್ ಬೆಳಕು ಕೂಡ ನಂದು ಒಂದೇ."

* * *

ಐದು ಗಂಟೆಗೆ ಆದಿಲಕ್ಷ್ಮಿ ಒಬ್ಬಳೇ ಬೇಸ್‌ಮೆಂಟಿಗೆ ಇಳಿದಳು. ಹದಿನಾಲ್ಕನೇ ನಂಬರಿನಲ್ಲಿ ಬೂದು ಬಣ್ಣದ ಕಾರು ನಿಂತಿತ್ತು. ಚಪ್ಪಲಿ ಸಿಕ್ಕ ಕಂಬ ಅಲ್ಲಿಂದ ನಾಲ್ಕು ಹೆಜ್ಜೆ.

ಫೋನ್ ಬಂತು. ಇನ್ಸ್‌ಪೆಕ್ಟರ್ ಅಂಜನಮೂರ್ತಿ, ವಿಡಿಯೊ ಕಾಲ್. "ಜಾಗ ತೋರ‍್ಸಮ್ಮ. ಮೇಲಿನವರು ಪ್ರಾಣ ತಿಂತಿದ್ದಾರೆ."

ಅವಳು ಫೋನ್ ತಿರುಗಿಸಿ ಕಂಬ, ರ‍್ಯಾಂಪ್, ಮೆಟ್ಟಿಲು ತೋರಿಸಿದಳು.

"ಮೆಟ್ಟಿಲ ಕೆಳಗೆ ಏನದು? ಬರೀ ಕತ್ತಲೆ. ಟಾರ್ಚ್ ಹಾಕು."

ಅವಳು ಪರದೆ ಎಳೆದು ಟಾರ್ಚ್ ಗುರುತನ್ನು ಒತ್ತಿದಳು. ಹತ್ತಲಿಲ್ಲ. ಮತ್ತೆ ಒತ್ತಿದಳು. ಆ ಗುರುತು ಮಂಕಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಕ್ಯಾಮೆರಾ ಬಳಕೆಯಲ್ಲಿದೆ.

"ಸಾರ್, ವಿಡಿಯೊ ಕಾಲಲ್ಲಿ ಟಾರ್ಚ್ ಹತ್ತ..."

ಮಾತು ಅಲ್ಲೇ ನಿಂತಿತು.

"ಸಾರ್, ಆಮೇಲೆ ಮಾಡ್ತೀನಿ."

ಅವಳು ಫೋನ್ ಇಡುವುದಕ್ಕೂ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಗುವುದಕ್ಕೂ ಸರಿಹೋಯಿತು. ಮಧುಕರ್. ಕೈಯಲ್ಲಿ ಕೀ ಹಿಡಿದು ಬೂದು ಕಾರಿನ ಕಡೆಗೇ ಬಂದ.

"ಮೇಡಂ, ಬಾಣಸವಾಡಿಯಲ್ಲಿ ನಮ್ಮತ್ತೆಗೆ ಹುಷಾರಿಲ್ಲ. ಅರ್ಜೆಂಟಾಗಿ ಆಸ್ಪತ್ರೆಗೆ ಕರ‍್ಕೊಂಡು ಹೋಗ್ಬೇಕು. ಗೇಟಲ್ಲಿ ನಿಮ್ಮವರು ಬಿಡ್ತಾ ಇಲ್ಲ. ಸ್ವಲ್ಪ ಹೇಳ್ತೀರಾ?"

"ಹೇಳ್ತೀನಿ. ಒಂದು ನಿಮಿಷ ನಿಮ್ಮ ಮೊಬೈಲ್ ಕೊಡಿ. ಪೂಜಿತಾ ಅವರಿಗೆ ವಿಡಿಯೊ ಕಾಲ್ ಹಾಕಿ ಕೊಡಿ."

"ಈಗಾ?"

"ಈಗ."

ಅವನು ಹಾಕಿ ಕೊಟ್ಟ. ತೆರೆಯ ಮೇಲೆ ಒಬ್ಬ ಯುವತಿಯ ಮುಖ ಮೂಡಿತು. ಆದಿಲಕ್ಷ್ಮಿ ತನ್ನ ಗುರುತು ಹೇಳಿ, ಮಾತಾಡುತ್ತಲೇ ಅವನ ಫೋನಿನ ಟಾರ್ಚ್ ಒತ್ತಿದಳು. ಹತ್ತಲಿಲ್ಲ. ಅವನ ಕಣ್ಣೆದುರೇ ಮೂರು ಸಲ ಒತ್ತಿದಳು.

"ಪೂಜಿತಾ, ಮಧ್ಯಾಹ್ನ ಇವರ ಜೊತೆ ಕಾಲಲ್ಲಿ ಇದ್ರಲ್ಲ. ಕೊನೇಲಿ ಇವರ ಮುಖ ಕಾಣಿಸ್ತಿತ್ತಾ?"

"ಕಾಣಿಸ್ತಿತ್ತು ಮೇಡಂ. ಸ್ವಲ್ಪ ಮಂಕಾಗಿತ್ತು. ಹಿಂದೆ ಗೋಡೆ ಮೇಲೆಲ್ಲ ಕೆಂಪು ಬೆಳಕು. ಆಮೇಲೆ ದಡ್ ಅಂತ ಏನೋ ಸದ್ದಾಯ್ತು. ಕಾಲ್ ಕಟ್ಟಾಯ್ತು. ಏನಾಯ್ತು ಅಂತ ಮೆಸೇಜ್ ಹಾಕ್ದೆ, ರಿಪ್ಲೈ ಬರ‍್ಲಿಲ್ಲ."

ಆದಿಲಕ್ಷ್ಮಿ ಕಾಲ್ ಮುಗಿಸಿದಳು. ಕೈ ಚಾಚಿದಳು.

"ಕೀ ಕೊಡಿ. ಡಿಕ್ಕಿ ತೆಗೀಬೇಕು."

ಮಧುಕರ್ ಕೈ ಹಿಂದಕ್ಕೆಳೆದ. ಬೆರಳುಗಳು ಕೀಯನ್ನು ಬಿಗಿಯಾಗಿ ಹಿಡಿದಿದ್ದವು. ಅವಳು ಒಂದೊಂದೇ ಬೆರಳು ಬಿಡಿಸಿ ಕಿತ್ತುಕೊಂಡಳು.

* * *

ಮಗು ಡಿಕ್ಕಿಯಲ್ಲಿತ್ತು. ಕಾರಿಗೆ ಮುಚ್ಚುವ ಹೊದಿಕೆಯ ಕೆಳಗೆ, ಮೊಣಕಾಲು ಎದೆಗೆ ಮಡಿಸಿಕೊಂಡು. ಕೂದಲಿಗೆ ರಕ್ತ ಅಂಟಿ ಗಟ್ಟಿಯಾಗಿತ್ತು.

"ಮೋನಿಷಾ! ಮೋನಿಷಾ, ಪುಟ್ಟಾ!"

ಉತ್ತರವಿಲ್ಲ. ಕೈ ತಣ್ಣಗಿತ್ತು. ನಾಡಿ ಹುಡುಕಿದರೆ ಸಿಕ್ಕಿದ್ದು ತನ್ನದೇ ಬಡಿತವೋ ಮಗುವಿನದೋ ತಿಳಿಯಲಿಲ್ಲ. ಆದಿಲಕ್ಷ್ಮಿ ತನ್ನ ಫೋನಿನ ಟಾರ್ಚ್ ಹಾಕಿದಳು. ಬೆರಳಿನಿಂದ ಮಗುವಿನ ರೆಪ್ಪೆ ಎತ್ತಿ ಬೆಳಕು ಬಿಟ್ಟಳು.

ಕಣ್ಣಿನ ಪಾಪೆ ಸಣ್ಣಗಾಯಿತು.

"ಜೀವ ಇದೆ! ಸುಗತಾ, ಜೀಪ್ ತಗೊಂಡು ಬಾರೋ! ಜೀವ ಇದೆ!"

* * *

ಇಂದಿರಾನಗರದ ಆಸ್ಪತ್ರೆಯ ಕಾರಿಡಾರಿನಲ್ಲಿ ಇನ್ಸ್‌ಪೆಕ್ಟರ್ ಅಂಜನಮೂರ್ತಿ ಕೇಳಿದರು, "ಹೇಗೆ ಹೊಳೀತಮ್ಮ?"

"ಅವನ ಮಾತಲ್ಲೇ ಇತ್ತು ಸಾರ್. ವಿಡಿಯೊ ಕಾಲಲ್ಲಿ ಇದ್ಕೊಂಡೇ ಟಾರ್ಚ್ ಹಾಕಿ ನೋಡ್ದೆ ಅಂದ. ಅವನ ಫೋನಲ್ಲಿ ಅದು ಆಗಲ್ಲ. ಕಾಲ್ ನಿಜ, ಪೂಜಿತಾ ಸಾಕ್ಷಿ. ಹಾಗಾದ್ರೆ ಟಾರ್ಚ್ ಸುಳ್ಳು. ಟಾರ್ಚ್ ಇಲ್ಲ ಅಂದ್ರೆ ಆ ಕತ್ತಲೇಲಿ ಅವನು ಯಾರನ್ನೂ ನೋಡಿರೋಕೆ ಸಾಧ್ಯ ಇಲ್ಲ."

"ಕಾರು?"

"ಕರೆಂಟ್ ಇಲ್ಲದ ಜಾಗ. ಆದ್ರೂ ಅವನ ಮುಖ ಕಾಣಿಸ್ತಿತ್ತು, ಹಿಂದೆ ಕೆಂಪು ಬೆಳಕಿತ್ತು. ಅಲ್ಲಿ ಕೆಂಪು ಬೆಳಕು ಎಲ್ಲಿಂದ ಬರ‍್ಬೇಕು? ಬ್ರೇಕ್ ದೀಪ. ಚಾರ್ಜರ್ ತಗೊಳೋಕೆ ಬಂದೆ ಅಂದವನು ಕಾರೊಳಗೆ ಕೂತು ಬ್ರೇಕ್ ತುಳೀತಿದ್ದ. ಆಮೇಲೆ ದಡ್ ಅಂತ ಸದ್ದು. ಲತೀಫ್‌ಗೆ ಕ್ಲಿಪ್ ಸಿಕ್ಕಿದ್ದೂ ಅವನ ಕಾರಿನ ಮುಂದೇನೆ. ಮೂರು ಗಂಟೆಯಿಂದ ಗೇಟಲ್ಲಿ ಜನ ಇದ್ರು, ಒಂದು ಕಾರೂ ಆಚೆ ಹೋಗಿಲ್ಲ. ಅಂದ್ಮೇಲೆ ಮಗು ಎಲ್ಲಿರ‍್ಬೇಕು?"

ಮಧುಕರ್ ಎಲ್ಲವನ್ನೂ ಒಪ್ಪಿಕೊಂಡಿದ್ದ. ಎಲ್ಲೋ ಹೊರಡುವ ಆತುರ. ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಸ್ಟಿಯರಿಂಗ್. ಹೆಡ್‌ಲೈಟ್ ಹಾಕಿರಲಿಲ್ಲ. ಕಾರನ್ನು ಹಿಂದಕ್ಕೆ ತೆಗೆದ, ಮುಂದಕ್ಕೆ ಬಿಟ್ಟ. ಕಂಬದ ಮರೆಯಿಂದ ಬಂದ ಮಗುವನ್ನು ನೋಡಲಿಲ್ಲ. ಇಳಿದು ನೋಡಿದರೆ ಮಗು ಅಲುಗಲಿಲ್ಲ. ಸತ್ತಿದೆ ಎಂದುಕೊಂಡ. ಡಿಕ್ಕಿಗೆ ಹಾಕಿ, ಅದರ ಕೈಯಲ್ಲಿದ್ದ ಫೋನ್ ಆರಿಸಿದ. ಅಷ್ಟರಲ್ಲಿ ಲತೀಫನ ಟಾರ್ಚ್ ಬೆಳಕು ಬಂತು. ಬಗ್ಗಿ ಕೂತ. ಅವನು ದಾಟಿದ ಮೇಲೆ ಹೊರಡೋಣವೆಂದರೆ ಮಾರಿಯಾ ಮಗಳನ್ನು ಕೂಗುತ್ತಾ ಇಳಿದಳು. ಎಲ್ಲರೂ ಹೊರಗೆ ಹುಡುಕಲಿ ಎಂದೇ ಲತೀಫನ ಹೆಸರು ಹೇಳಿದ.

"ಭಯ ಆಯ್ತು ಮೇಡಂ," ಎಂದಿದ್ದ ಠಾಣೆಯಲ್ಲಿ. "ಕತ್ತಲೆ, ಏನೂ ಕಾಣಿಸ್ಲಿಲ್ಲ."

"ಮಗು ಕೈಯಲ್ಲಿ ಬೆಳಕಿತ್ತು ಕಣ್ರೀ," ಎಂದಿದ್ದಳು ಆದಿಲಕ್ಷ್ಮಿ. "ನಿಮ್ಮ ಕಡೆಗೇ ನಡ್ಕೊಂಡು ಬರ‍್ತಿತ್ತು. ನೀವು ಫೋನ್ ನೋಡ್ತಿದ್ರಿ."

ಏಳೂವರೆಗೆ ಡಾಕ್ಟರ್ ಹೊರಗೆ ಬಂದರು. ತಲೆಯೊಳಗಿನ ರಕ್ತ ತೆಗೆದಾಗಿತ್ತು. ಉಸಿರು ಸರಿಯಾಗಿದೆ, ಎಡಗೈ ಮಾತ್ರ ಅಲುಗುತ್ತಿಲ್ಲ ಎಂದರು. ಎರಡು ಗಂಟೆ ಮೊದಲೇ ತಂದಿದ್ದರೆ ಎಂದು ಶುರುಮಾಡಿದವರು ಮಾರಿಯಾಳ ಮುಖ ನೋಡಿ ಸುಮ್ಮನಾದರು.

"ಒಬ್ಬರು ಒಳಗೆ ಹೋಗಿ ನೋಡಬಹುದು."

ಮಾರಿಯಾ ಎದ್ದಳು. ಎರಡು ಹೆಜ್ಜೆ ಇಟ್ಟವಳು ನಿಂತಳು. ಕಾರಿಡಾರಿನ ಕೊನೆಯಲ್ಲಿ ಲತೀಫ್ ನೆಲದ ಮೇಲೆ ಕೂತಿದ್ದ. ಪೊಲೀಸರು ಅವನನ್ನು ಬಿಟ್ಟು ಗಂಟೆಯಾಗಿತ್ತು. ಮನೆಗೆ ಹೋಗಿರಲಿಲ್ಲ. ಅವನ ಕೆನ್ನೆ ಇನ್ನೂ ಊದಿತ್ತು.

ಅವಳು ಅವನ ಮುಂದೆ ಹೋಗಿ ನಿಂತಳು.

"ಒಳಗೆ ಹೋಗಮ್ಮ," ಎಂದ ಲತೀಫ್. "ಎಚ್ಚರ ಆದ್ರೆ ನಿನ್ನೇ ಕೇಳ್ತಾಳೆ. ಹೋಗು, ಹೋಗು."